ವಿಶ್ವಾರಾಧ್ಯರು ಮೀನಿಗೆ ಹಾಕಿದ ಕ್ಲಿಪ್ಪು

ವಿಶ್ವಾರಾಧ್ಯರು ಈಗ ಮತ್ತೆ ಕಣ್ತುಂಬ ನಿದ್ದೆ ಮಾಡುತ್ತಾರೆ. ಮಧ್ಯೆ ನಾಲ್ಕು ತಿಂಗಳು ಒಂದು ಮೀನಿನಿಂದಾಗಿ ಅವರ ನಿದ್ದೆ ಕೆಟ್ಟಿತ್ತು.

ಗಾಂಧಿಬಜಾರಿನ ಪಕ್ಕದ ಅಡ್ಡರಸ್ತೆಯಲ್ಲಿ ಅವರದೊಂದು ಕನ್ನಡಕದ ಅಂಗಡಿ. ಅಂಗಡಿ ಎನ್ನುವುದು ಮರ್ಯಾದೆಯ ಮಾತು. ಒಬ್ಬರು ಒಳಗೆ ಬಂದರೆ ಇನ್ನೊಬ್ಬರು ಮೆಟ್ಟಿಲ ಮೇಲೆ ನಿಲ್ಲಬೇಕು. ಮೂವತ್ತೆಂಟು ವರ್ಷ ಅಲ್ಲೇ ಕೂತು ಬಸವನಗುಡಿಯ ಮೂಗುಗಳನ್ನೆಲ್ಲ ಬಲ್ಲವರು. ಅವರು ಬಿಗಿದ ಸ್ಕ್ರೂ ಸಡಿಲವಾಯಿತೆಂದು ವಾಪಸ್ ಬಂದವರಿಲ್ಲ. ಅದೊಂದರಲ್ಲಿ ಅವರಿಗೆ ಸ್ವಲ್ಪ ಜಂಬವಿತ್ತು. ಇರಲಿ ಬಿಡಿ, ಬೇರೆ ಯಾವುದರಲ್ಲೂ ಇರಲಿಲ್ಲ.

ಕಳೆದ ವರ್ಷ ರಂಜಿನಿ ಎಂಬ ಹುಡುಗಿ ಕನ್ನಡಕ ರಿಪೇರಿಗೆ ಬಂದಳು. ಮನೆ ಮಲ್ಲೇಶ್ವರ, ಸಂಶೋಧನೆ ಮಾತ್ರ ಸಮುದ್ರದ ಮೀನುಗಳ ಮೇಲೆ. ತಿಮಿಂಗಿಲ ಶಾರ್ಕ್ ಎಂದರೆ ಸಿಟಿ ಬಸ್ಸಿನಷ್ಟು ಉದ್ದದ ಮೀನು. ಅದು ಎಲ್ಲೆಲ್ಲಿ ಓಡಾಡುತ್ತದೆಂದು ತಿಳಿಯಲು ಮೈಗೆ ಟ್ಯಾಗ್ ಹಾಕುತ್ತಾರೆ. ಮೀನು ಮೇಲೆ ಬಂದಾಗಲೆಲ್ಲ ಟ್ಯಾಗ್ ಉಪಗ್ರಹಕ್ಕೆ ಸುದ್ದಿ ಕಳಿಸುತ್ತದೆ. ಆದರೆ ಅದು ನಿಲ್ಲಬೇಕಾದರೆ ಚೂಪಾದ ಮೊಳೆಯೊಂದನ್ನು ಮಾಂಸಕ್ಕೇ ಹೊಡೆಯಬೇಕು ಎಂದಳು.

"ಪಾಪ ಕಣಮ್ಮ ಅದು," ಎಂದರು ವಿಶ್ವಾರಾಧ್ಯರು. "ಇಡೀ ಊರಿನ ಮೂಗಿನ ಮೇಲೆ ಕನ್ನಡಕ ನಿಲ್ಸಿದೀನಿ. ಯಾರ್ಗಾದ್ರೂ ಮೊಳೆ ಹೊಡೆದಿದೀನಾ?"

ರಂಜಿನಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಸ್ಟೂಲ್ ಎಳೆದುಕೊಂಡು ಕೂತಳು.

ಆರು ತಿಂಗಳು ಇಬ್ಬರೂ ತಲೆ ಕೆಡಿಸಿಕೊಂಡರು. ಕೊನೆಗೆ ಆದದ್ದು ಮೀನಿನ ಬೆನ್ನಿನ ರೆಕ್ಕೆಯನ್ನು ಎರಡೂ ಕಡೆಯಿಂದ ಮೆತ್ತಗೆ ಹಿಡಿಯುವ ಸ್ಪ್ರಿಂಗ್ ಕ್ಲಿಪ್ಪು, ಒಳಮೈಗೆ ಮೆದು ರಬ್ಬರ್. "ಮೀನಿನ ವಾಸ್ನೆ ಬಂದ್ರೆ ರಸ್ತೆ ದಾಟಿ ಹೋಗೋ ಮನುಷ್ಯ, ಈಗ ಮೀನಿಗೆ ಕನ್ನಡಕ ಮಾಡ್ತಿದಾರೆ," ಎಂದು ಹೆಂಡತಿ ಗಿರಿಜಾಂಬಾ ತಂಗಿಗೆ ಫೋನಿನಲ್ಲಿ ಹೇಳಿ ನಕ್ಕರು. ಕ್ಲಿಪ್ಪಿಗೆ ಒಂದೇ ಸ್ಕ್ರೂ, ಅದೂ ಬರೀ ಕಬ್ಬಿಣದ್ದು. ಉಪ್ಪುನೀರಿನಲ್ಲಿ ಮೂರು ತಿಂಗಳಿಗೆ ಅದು ತುಕ್ಕು ಹಿಡಿದು ಮುರಿಯಬೇಕು, ಕ್ಲಿಪ್ಪು ಟ್ಯಾಗಿನ ಸಮೇತ ಕಳಚಿ ತೇಲಬೇಕು, ಮೀನು ತನ್ನ ಪಾಡಿಗೆ ತಾನು ಹೋಗಬೇಕು. ಎರಡು ಕ್ಲಿಪ್ಪು ಮಾಡಿದರು. ಒಂದು ಲಕ್ಷದ್ವೀಪಕ್ಕೆ ಹೋಗಿ ಮೀನಿನ ರೆಕ್ಕೆ ಏರಿತು, ಇನ್ನೊಂದು ಮಾದರಿಗೆಂದು ಡ್ರಾಯರಿನಲ್ಲಿ ಉಳಿಯಿತು.

ಒಂದು ಬೆಳಿಗ್ಗೆ ಗಿರಾಕಿಯೊಬ್ಬರ ಕನ್ನಡಕಕ್ಕೆ ಸ್ಕ್ರೂ ಬಿಗಿದು, ಸಡಿಲವಾಗದಿರಲೆಂದು ಅದಕ್ಕೊಂದು ತೊಟ್ಟು ನೇಲ್ ಪಾಲಿಶ್ ಹಚ್ಚಿದರು. ಮೂವತ್ತೆಂಟು ವರ್ಷದ ಅಭ್ಯಾಸ, ಕೈ ತಾನಾಗಿ ಮಾಡುವ ಕೆಲಸ. ಆ ಕೈಯನ್ನೇ ನೋಡಿದವರಿಗೆ ಮೀನಿನ ಕ್ಲಿಪ್ಪು ನೆನಪಾಯಿತು. ಡ್ರಾಯರ್ ಎಳೆದು ಮಾದರಿ ಕ್ಲಿಪ್ಪನ್ನು ಬೆಳಕಿಗೆ ಹಿಡಿದರು. ಸ್ಕ್ರೂ ಫಳಫಳ ಹೊಳೆಯುತ್ತಿತ್ತು. ದೊಡ್ಡ ಪ್ರಾಣಿಯೆಂದು ಎರಡಕ್ಕೂ ಧಾರಾಳವಾಗಿಯೇ ಹಚ್ಚಿದ್ದರು. ಪಾಲಿಶ್ ಬಳಿದ ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಯಾವ ಕಾಲಕ್ಕೆ? ಹಿಡಿಯದಿದ್ದರೆ ಆ ಮೂಕಪ್ರಾಣಿ ಕ್ಲಿಪ್ಪನ್ನು ಸಾಯುವವರೆಗೂ ಹೊತ್ತು ತಿರುಗಬೇಕು, ರೆಕ್ಕೆ ಸವೆದು ಹುಣ್ಣಾಗಬೇಕು.

ಎರಡು ದಿನ ಬಾಯಿ ಬಿಡಲಿಲ್ಲ. ಮೂರನೆಯ ದಿನ ಹೆಂಡತಿಯ ಮುಂದೆ ಹೇಳಿಕೊಂಡರು. "ನಿಮ್ಮ ಮರ್ಯಾದೆ ಇಲ್ಲೇ ಶಂಕರಪುರದ ಮನೇಲಿ ಇರತ್ತೆ ರೀ, ಎಲ್ಲೂ ಓಡಿಹೋಗಲ್ಲ. ಮೊದ್ಲು ಆ ಹುಡುಗೀಗೆ ಫೋನ್ ಮಾಡಿ," ಎಂದು ಗಿರಿಜಾಂಬಾ ಗದರಿದರು.

ರಂಜಿನಿ ಎಲ್ಲ ಕೇಳಿಸಿಕೊಂಡು ದಿನ ಲೆಕ್ಕ ಹಾಕಿದಳು. "ಹಾಕಿ ಆಗ್ಲೇ ಹದಿನೈದು ದಿನ ಆಯ್ತು ಸರ್. ಟ್ಯಾಗಿನ ಸುದ್ದಿ ಬಂದು ನಾವು ಹೋಗೋಷ್ಟ್ರಲ್ಲಿ ಅದು ಇನ್ನೆಲ್ಲೋ ಇರತ್ತೆ, ಅಷ್ಟು ದೊಡ್ಡ ಸಮುದ್ರದಲ್ಲಿ ಹುಡುಕಿ ಬಿಚ್ಚಕ್ಕಾಗಲ್ಲ. ಕಾಯೋಣ." ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎನ್ನಿಸಿತು ವಿಶ್ವಾರಾಧ್ಯರಿಗೆ.

ಕಾದರು. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ಫೋನ್: "ಎಲ್ಲಿದೆಯಮ್ಮ ನಮ್ಮ ಮೀನು?" ಒಂದು ದಿನ ಮಿನಿಕಾಯ್ ದ್ವೀಪದ ಹತ್ತಿರ, ಇನ್ನೊಂದು ದಿನ ಮಾಲ್ಡೀವ್ಸ್ ಕಡೆ. ತೊಂಬತ್ತನೆಯ ದಿನ ಬಂತು, ಹೋಯಿತು. ನೂರಾಯಿತು. ಊಟ ಸೇರುತ್ತಿರಲಿಲ್ಲ. ಗಿರಾಕಿಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತಿದ್ದರು.

ನೂರಹದಿನೇಳನೆಯ ದಿನ ರಂಜಿನಿಯೇ ಫೋನ್ ಮಾಡಿದಳು. ಟ್ಯಾಗ್ ನೀರಿನ ಮೇಲೆ ತೇಲುತ್ತಿತ್ತಂತೆ, ದೋಣಿಯವರು ಎತ್ತಿಕೊಂಡರಂತೆ. ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಹೆದರಿಕೆ ಹತ್ತಿಕೊಂಡಿತು: ಕ್ಲಿಪ್ಪು ತಾನಾಗಿ ಕಳಚಿತೋ, ಇಲ್ಲಾ ರೆಕ್ಕೆಯನ್ನು ಹರಿದುಕೊಂಡು ಬಂತೋ?

ವಾರದ ಮೇಲೆ ಅವಳು ಅದನ್ನು ತಂದು ಮೇಜಿನ ಮೇಲಿಟ್ಟಳು. ಪಾಲಿಶ್ ಸಿಪ್ಪೆಯೆದ್ದು, ಸ್ಕ್ರೂ ತುಕ್ಕು ಹಿಡಿದು ಎರಡು ತುಂಡಾಗಿತ್ತು. ವಿಶ್ವಾರಾಧ್ಯರು ಭೂತಗನ್ನಡಿ ಹಿಡಿದು ಒಳಗಿನ ರಬ್ಬರನ್ನು ಇಂಚಿಂಚೂ ನೋಡಿದರು. ಅಂಚಿಗೆ ಪಾಚಿ ಕಟ್ಟಿತ್ತು. ರೆಕ್ಕೆಗೆ ತಾಗಿದ ಜಾಗ ಚೊಕ್ಕಟವಾಗಿತ್ತು, ಚರ್ಮದ ಒಂದು ಎಳೆ ಇಲ್ಲ, ಮಾಂಸದ ಒಂದು ಚೂರಿಲ್ಲ. ಇನ್ನೊಮ್ಮೆ ನೋಡಿದರು. ನಾಲ್ಕು ತಿಂಗಳ ಹೆದರಿಕೆ ಒಟ್ಟಿಗೆ ಇಳಿದು ಮೈ ಹಗುರವಾಯಿತು. ಮೆಟ್ಟಿಲ ಮೇಲೆ ಗಿರಾಕಿ ನಿಂತಿದ್ದರೂ ಲೆಕ್ಕಿಸದೆ ಅತ್ತುಬಿಟ್ಟರು.

ಕಣ್ಣೊರೆಸಿಕೊಂಡು, "ಈಗ ಎಲ್ಲಿದೆಯಮ್ಮ ಅದು?" ಎಂದು ಕೇಳಿದರು.

"ಗೊತ್ತಿಲ್ಲ ಸರ್. ಟ್ಯಾಗ್ ಬಿದ್ದೋಯ್ತಲ್ಲ, ಇನ್ಮೇಲೆ ಯಾರ್ಗೂ ಗೊತ್ತಾಗಲ್ಲ."

"ಸದ್ಯ, ಇನ್ನಾದ್ರೂ ಅದರ ಪಾಡಿಗೆ ಅದಿರ್ಲಿ," ಎಂದರು ವಿಶ್ವಾರಾಧ್ಯರು.