ಅಡ್ಡಿ ಇದ್ದವರು ಕಚೇರಿ ವೇಳೆಯಲ್ಲಿ ಬರತಕ್ಕದ್ದು

ಕೋವಿಡ್ ಮುಗಿದ ಎರಡನೇ ವರ್ಷ. ಶ್ರೀನಿವಾಸಪುರದ ಕಡೆಯ ಒಂದು ಚಿಕ್ಕ ಕಥೋಲಿಕ ಚರ್ಚಿನಲ್ಲಿ ನಾನು ಆಫೀಸ್ ಕ್ಲರ್ಕು. ಇಪ್ಪತ್ತು ವರ್ಷ ರಿಜಿಸ್ಟರಿನ ಒಂದು ಕಲಮನ್ನೂ ಖಾಲಿ ಬಿಡದವನೆಂಬ ಕೀರ್ತಿ ನನಗಿತ್ತು. ಆ ವರ್ಷ ಚರ್ಚಿನ ಫೇಸ್‌ಬುಕ್ ಪುಟವನ್ನೂ ನನ್ನ ಸುಪರ್ದಿಗೆ ಒಪ್ಪಿಸಿದರು. ಪಾಸ್‌ವರ್ಡ್ ಬರೆದ ಚೀಟಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸೋಷಿಯಲ್ ಮೀಡಿಯಾದ ಭದ್ರತೆ ಬಗ್ಗೆ ನನ್ನ ಜ್ಞಾನ ಅಲ್ಲಿಗೆ ಮುಗಿದಿತ್ತು.

ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಪೂಜೆಯ ಕೊನೆಯಲ್ಲಿ ಪ್ರಕಟಣೆ ಓದುತ್ತಾರೆ: ಹುಡುಗ, ಹುಡುಗಿ, ತಂದೆತಾಯಿ, ಹಾಲಿ ವಾಸ. ಕಡೆಯ ಸಾಲು, "ಈ ಮದುವೆಗೆ ಅಡ್ಡಿ ತಿಳಿದವರು ಗುರುಗಳಿಗೆ ತಿಳಿಸತಕ್ಕದ್ದು." ನನ್ನ ಕಾಲದಲ್ಲಿ ಯಾರೂ ಏನೂ ತಿಳಿಸಿರಲಿಲ್ಲ. ಆ ಭಾನುವಾರ ಶೀಲಾ ಎಂಬ ಹುಡುಗಿಯ ಮದುವೆ ಪ್ರಕಟಣೆ ಓದಿ, ಹಾಳೆಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ, ಫೋಟೋ ತೆಗೆದು ಫೇಸ್‌ಬುಕ್ಕಿಗೂ ಹಾಕಿದೆ. ಚರ್ಚಿನಲ್ಲಿ ಕೂಗಿ ಓದಿದ್ದರಲ್ಲಿ ಗುಟ್ಟೇನು?

ಸೋಮವಾರ ಬೆಳಿಗ್ಗೆ ಅದರ ಕೆಳಗೆ ಒಂದು ಕಾಮೆಂಟು: "ಅಡ್ಡಿ ನಾನೇ."

ಇಪ್ಪತ್ತು ವರ್ಷಕ್ಕೊಬ್ಬ ಕಡೆಯ ಸಾಲಿನವರೆಗೆ ಓದಿದನಲ್ಲ ಎಂದು ನನಗೆ ಸಂತೋಷವೇ ಆಯಿತು. "ಅಡ್ಡಿಯನ್ನು ಲಿಖಿತವಾಗಿ, ಕಚೇರಿ ವೇಳೆಯಲ್ಲಿ, ಖುದ್ದು ಹಾಜರಾಗಿ ಸಲ್ಲಿಸತಕ್ಕದ್ದು. ವೇಳೆ ಹತ್ತರಿಂದ ಒಂದು," ಎಂದು ಉತ್ತರಿಸಿದೆ.

ಒಂಬತ್ತಕ್ಕೆ ಮರುತ್ತರ: "ಕೋಲಾರ ಬಸ್‌ಸ್ಟ್ಯಾಂಡ್‌ನಲ್ಲಿದೀನಿ."

ಅಷ್ಟರಲ್ಲಿ ಶೀಲಾಳ ಚಿಕ್ಕಮ್ಮ ರೋಸಿಯಮ್ಮ ಚಪ್ಪಲಿಯಿಲ್ಲದೆ ಓಡಿಬಂದರು.

"ಅಣ್ಣಾ, ಏನ್ ಕೆಲ್ಸ ಮಾಡ್ಬಿಟ್ರಿ! ಮಾಲೂರಲ್ಲಿ ಅವಳ ಹಿಂದೆ ಬಿದ್ದು ಬ್ಲೇಡ್ ತೋರಿಸ್ದೋನು ಅವ್ನೇ. ನಂಬರ್ ಬದಲಾಯಿಸಿ, ಊರು ಬಿಡಿಸಿ, ಎರಡು ವರ್ಷದಿಂದ ಬಚ್ಚಿಟ್ಕೊಂಡಿದೀನಿ ಅಣ್ಣಾ!"

ಹಾಲಿ ವಾಸದ ಕಲಮಿನಲ್ಲಿ ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದೆ: ರೋಸಿಯಮ್ಮನವರ ಮನೆ, ಚರ್ಚ್ ಹಿಂಭಾಗ.

ಪೋಸ್ಟ್ ಅಳಿಸಿದೆ. ಅವನ ಕಣ್ಣಿನಿಂದ ಅಳಿಸುವ ಬಟನ್ ಎಲ್ಲೂ ಇರಲಿಲ್ಲ. ಫಾದರ್ ಪೊಲೀಸರಿಗೆ ಫೋನ್ ಮಾಡಿದರು. ಜೀಪು ಬಂದೋಬಸ್ತಿಗೆ ಹೋಗಿದೆ, ಬರುತ್ತದೆ ಎಂದರು. ಸಿಸ್ಟರೊಬ್ಬರು ಶೀಲಾಳನ್ನು ಹಿಂದಿನ ಗೇಟಿನಿಂದ ಕಾನ್ವೆಂಟಿಗೆ ಕರೆದೊಯ್ದರು. ಕಾನ್ವೆಂಟಿನ ಬಾಗಿಲು ನನ್ನ ಕಿಟಕಿಗೆ ನೇರ ಕಾಣುತ್ತದೆ. ಕಿಟಕಿ ಮುಚ್ಚಿ ಕೂತೆ.

ಹತ್ತೂ ಹತ್ತಕ್ಕೆ ಬಂದ. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಶರ್ಟು. ನನ್ನೆದುರಿನ ಕುರ್ಚಿಯಲ್ಲಿ ಕೂತ. ತೊಡೆಯ ಮೇಲೆ ಒಂದು ಬ್ಯಾಗು, ಅದರೊಳಗೆ ಬಲಗೈ.

"ಬನ್ನಿ ಅಂದಿದ್ದು ನೀವೇ ಅಲ್ವಾ ಸಾರ್? ರೋಸಿಯಮ್ಮನ ಮನೆ ಯಾವ್ದು?"

"ಮೊದ್ಲು ಅರ್ಜಿ ಕೊಡಪ್ಪಾ."

"ಮನೆ ತೋರಿಸಿ, ಸಾಕು."

"ಅರ್ಜಿ ಇಲ್ದೆ ನಾನು ಬಾಯಿ ಬಿಡಂಗಿಲ್ಲ. ಮೂರು ಪ್ರತಿ ಬೇಕು. ಕಾರ್ಬನ್ ನಡೆಯಲ್ಲ."

ಅವನು ನಕ್ಕ. "ಇದೇನ್ ಸಾರ್, ಚರ್ಚೋ ತಾಲ್ಲೂಕ್ ಆಫೀಸೋ?"

ನಗುತ್ತಲೇ ಬಲಗೈ ಹೊರಗೆ ತೆಗೆದು ಪೆನ್ನು ಹಿಡಿದ. ಆ ಕೈ ಬರೆಯುವಷ್ಟು ಹೊತ್ತು ಶೀಲಾ ಬದುಕಿರುತ್ತಾಳೆ ಎಂಬುದೊಂದೇ ನನ್ನ ಲೆಕ್ಕ. ಮೊದಲ ಪ್ರತಿಯಲ್ಲಿ ಮಾರ್ಜಿನ್ ಬಿಟ್ಟಿಲ್ಲ ಎಂದು ಹರಿದು ಹಾಕಿದೆ. ಎರಡನೆಯದರಲ್ಲಿ ತಂದೆಯ ಹೆಸರಿಲ್ಲ ಎಂದೆ.

ಮೂರನೆಯದಕ್ಕೆ ಹಾಳೆ ಚಾಚಿದಾಗ ಪೆನ್ನು ಎಸೆದ. "ಆಟ ಆಡ್ತಿದೀಯೇನ್ಲಾ ಮುದುಕಾ?" ಕೈ ಮತ್ತೆ ಬ್ಯಾಗಿನೊಳಗೆ ಹೋಯಿತು. ಅದು ಹೊರಬರುವ ಮುಂಚೆ ಬಾಗಿಲಲ್ಲಿ ಇಬ್ಬರು ಪೇದೆಗಳು ನಿಂತಿದ್ದರು.

ಬ್ಯಾಗಿನಲ್ಲಿ ನನ್ನ ಪ್ರಕಟಣೆಯ ಪ್ರಿಂಟಿತ್ತು. ಹಾಲಿ ವಾಸದ ಕೆಳಗೆ ಕೆಂಪು ಗೆರೆ. ಪ್ರಿಂಟಿನ ಕೆಳಗೆ ಒಂದು ಮಚ್ಚು. ಹೊಸದು, ಬೆಲೆಯ ಚೀಟಿ ಇನ್ನೂ ಕಿತ್ತಿರಲಿಲ್ಲ.

ಶೀಲಾಳ ಮದುವೆ ಬೇರೆ ಊರಿನಲ್ಲಿ, ಫೋಟೋ ಇಲ್ಲದೆ ನಡೆಯಿತು. ಹೊರಡುವ ಮುಂಚೆ ಆಫೀಸಿಗೆ ಬಂದವಳು ಬೈಯುತ್ತಾಳೆಂದು ಕಾದೆ. "ಹಾಕೋಕ್ಮುಂಚೆ ಒಂದ್ ಮಾತು ಕೇಳ್ಬಾರ್ದಿತ್ತಾ ಅಂಕಲ್?" ಎಂದಳು, ಅಷ್ಟೇ. ಈಗ ಕೇಳುತ್ತೇನೆ, ಕ್ರಿಸ್ಮಸ್ ಗೋದಲಿಯ ಕುರಿಗಳ ಫೋಟೋ ಬಿಟ್ಟು ಎಲ್ಲಕ್ಕೂ. ಪೂಜೆಯಲ್ಲಿ ನಾವು ಓದುವುದು ಎದುರಿಗೆ ಕೂತವರಿಗೆ. ಫೋನಿನಲ್ಲಿ ಎದುರಿಗೆ ಯಾರು ಕೂತಿದ್ದಾರೆಂದು ಕಾಣುವುದಿಲ್ಲ.

ಮದುವೆಯ ಸುದ್ದಿ ಬಂದ ಮೇಲೆ ನಮ್ಮ ರಿಜಿಸ್ಟರಿನಲ್ಲೂ ಬರೆದುಕೊಂಡೆ. ಹಾಲಿ ವಾಸದ ಕಲಮಿಗೆ ಬಂದಾಗ ಪೆನ್ನು ತಾನಾಗಿಯೇ ನಿಂತಿತು. ಅವಳೀಗ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ರೋಸಿಯಮ್ಮನನ್ನು ಕೇಳಿಯೂ ಇಲ್ಲ. ನಾನು ಖಾಲಿ ಬಿಟ್ಟ ಕಲಂ ಅದೊಂದೇ.