ಆಡಿಟ್ ದಿನದ ಬಸಳೆ ಗಸಿ

ಎರಡು ವಾರಗಳ ಹಿಂದೆ ಒಂದು ಊರಿಗೆ ಪೋಲಾಗುತ್ತಿದ್ದ ನೀರನ್ನು ಹುಡುಕಲು ಹೋಗಿದ್ದೆ. ಸಿಗಲಿಲ್ಲ. ಮಧ್ಯಾಹ್ನ ಅದನ್ನೇ ಬಸಳೆ ಗಸಿಯ ರೂಪದಲ್ಲಿ ಎಲೆಗೆ ಬಡಿಸಿದ್ದರು. (ರುಚಿಯಾಗಿತ್ತು. ಮತ್ತೊಮ್ಮೆ ಹಾಕಿಸಿಕೊಂಡೆ.)

ಊರು ಶಿರ್ತಾಡಿಯ ಆಚೆ, ಹೆಸರು ಬೇಡ. ಅಲ್ಲಿ ಗುಡ್ಡದ ಮೇಲಿನ ಕೊನೆಯ ಮನೆ, ಬೀಡಿ ಕಟ್ಟುವ ಜಯಂತಿಯಕ್ಕನದು. ಅಂಗಳದಲ್ಲಿ ಸರಕಾರಿ ನಳ್ಳಿಯಿದೆ, ನಳ್ಳಿಗೆ ಮೀಟರೂ ಇದೆ. ತಿರುಗಿಸಿದರೆ ಬರುವುದು ಗಾಳಿ ಮಾತ್ರ. ಕೆಳಗಿನ ಮನೆಯ ಬಾವಿಯಿಂದ ಕೊಡ ಹೊತ್ತು ಗುಡ್ಡ ಹತ್ತಿ ಮೊಣಕಾಲು ಸೋತ ಮೇಲೆ ಆಕೆ, ಊರವರ ದೂರು ಅರ್ಜಿ ಬರೆದುಕೊಡುವ ನನ್ನನ್ನು ಹುಡುಕಿಕೊಂಡು ಮೂಡುಬಿದಿರೆಗೆ ಬಂದರು. ಪಂಪು ಓಡುತ್ತದೆ, ಟ್ಯಾಂಕು ತುಂಬುತ್ತದೆ. ಹಾಗಾದರೆ ನೀರು ಹೋಗುವುದೆಲ್ಲಿಗೆ? ಇದೊಂದೇ ಪ್ರಶ್ನೆ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದು, ಅಂತೂ ನೀರಿನ ಆಡಿಟ್ ಮಾಡಿಸಿದೆ.

ಆಡಿಟ್ ಎಂದರೆ ಮಹಾ ವಿದ್ಯೆಯೇನಲ್ಲ. ಟ್ಯಾಂಕಿನಿಂದ ಹೊರಟದ್ದೆಷ್ಟು, ಮನೆಗಳ ಮೀಟರನ್ನು ಮುಟ್ಟಿದ್ದೆಷ್ಟು ಎಂದು ತಾಳೆ ನೋಡುವುದು. ವ್ಯತ್ಯಾಸ ದೊಡ್ಡದಿದ್ದರೆ ಸೋರಿಕೆಯಿದೆ ಎಂದರ್ಥ. ಆಗ ಹಳೆಯ ಪೈಪು ಬದಲಾಗಲೇಬೇಕು.

ಅಧಿಕಾರಿಗಳು ಬಂದರು, ಅಳೆದರು. ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ! ಜಯಂತಿಯಕ್ಕನ ನಳ್ಳಿ ಅಂದು ಧೋ ಎಂದು ಸುರಿಯಿತು. ಆಕೆ ಕೊಡ, ಬಕೆಟ್ಟು, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿಟ್ಟರು. ಕೆಳಗಿನ ಕೇರಿಯವರು ಬಡಿಸಿದ್ದನ್ನು ಎಲ್ಲರೂ ಉಂಡು ಹೊರಟೆವು. ಹಿಂದೆಯೇ ವರದಿಯೂ ಬಂತು: ಸೋರಿಕೆ ನಗಣ್ಯ, ಪೈಪು ಬದಲಾವಣೆ ಅನಗತ್ಯ.

ಮೊನ್ನೆ ಜಯಂತಿಯಕ್ಕನ ಫೋನು. "ಪುನಃ ಗಾಳಿಯೇ ಸರ್."

ಹೋದೆ. ಬಸ್ಸು ಇಳಿದ ತಿರುವಿನಲ್ಲೇ ನೀರು ಕಂಡಿತು. ಪೈಪಿನ ಜಾಯಿಂಟಿನಿಂದ ಚಿಮ್ಮಿ, ಅಚ್ಚುಕಟ್ಟಾಗಿ ಕಡಿದ ಕಣಿಯಲ್ಲಿ ಹರಿದು, ದಟ್ಟವಾಗಿ ಹಬ್ಬಿದ್ದ ಬಸಳೆ ಚಪ್ಪರದ ಬುಡ ಸೇರುತ್ತಿತ್ತು. ವಾರ್ಡಿನ ಸದಸ್ಯ ಶೇಖರಣ್ಣ ಅಲ್ಲೇ ನಿಂತು ಬಸಳೆ ಕೊಯ್ಯುತ್ತಿದ್ದರು.

"ಇದು ಆವತ್ತು ಇರಲಿಲ್ಲವಲ್ಲ?"

"ಆವತ್ತು ಸೈಕಲ್ ಟ್ಯೂಬು ಸುತ್ತಿ ಕಟ್ಟಿದ್ದೆವು ಸರ್. ಆಫೀಸರುಗಳು ಬರುವಾಗ ಅಂಗಳ ಗುಡಿಸದೆ ಇರ್ಲಿಕ್ಕೆ ಆಗ್ತದಾ? ಊರಿನ ಮರ್ಯಾದೆ ಮಾರಾಯ್ರೆ!"

"ಮತ್ತೆ ಬಿಚ್ಚಿದ್ದು ಯಾಕೆ?"

"ಬಸಳೆ ಬಾಡ್ತಾ ಇತ್ತು. ಇಡೀ ಕೇರಿಗೆ ಇದೇ ಪದಾರ್ಥ. ನೀವು ಸಹ ಎರಡೆರಡು ಸಲ ಹಾಕಿಸಿಕೊಂಡದ್ದು ಇದನ್ನೇ ಅಲ್ವಾ? ಸ್ವಲ್ಪ ಕೊಂಡುಹೋಗಿ." ಒಂದು ಕಟ್ಟು ಮುಂದೆ ಹಿಡಿದರು.

ಯಾರದು ತಪ್ಪು? ಸೋರಿಕೆ ಪತ್ತೆಯಾಗಲೆಂದೇ ನಡೆದ ಆಡಿಟಿಗೆ ಸೋರಿಕೆಯನ್ನೇ ಮುಚ್ಚಿಟ್ಟ ಶೇಖರಣ್ಣನದು. ಬರುವ ದಿನವನ್ನು ಮೊದಲೇ ತಿಳಿಸಿ, ಆ ಒಂದೇ ದಿನದ ಅಳತೆಯನ್ನು ಸತ್ಯವೆಂದು ನಂಬಿದ ಅಧಿಕಾರಿಗಳದು. ತನ್ನ ನಳ್ಳಿಯಲ್ಲಿ ನೀರಿದ್ದರೆ ಸಾಕೆಂದು, ಸೋರುವ ಪೈಪಿನಲ್ಲಿ ಬಸಳೆಯನ್ನಷ್ಟೇ ಕಾಣುವ ಕೆಳಗಿನ ಕೇರಿಯದು. ತಪಾಸಣೆಯ ದಿನ ಮಾತ್ರ ಶಾಲೆಯ ಶೌಚಾಲಯದ ಬೀಗ ತೆರೆಯುವ, ಮಂತ್ರಿ ಬರುವ ದಾರಿಯ ಹೊಂಡಕ್ಕೆ ಮಾತ್ರ ಜಲ್ಲಿ ಸುರಿಯುವ ನಮ್ಮೆಲ್ಲರದು. ಬಂಟ್ವಾಳವೇ ಇರಲಿ, ಬೆಳ್ತಂಗಡಿಯೇ ಇರಲಿ, ಪರೀಕ್ಷಕನನ್ನು ನಾವು ನೆಂಟನನ್ನಾಗಿ ಮಾಡಿಬಿಡುತ್ತೇವೆ. ಹೊಟ್ಟೆ ತುಂಬ ಉಂಡ ನೆಂಟ ಮನೆಯ ಹುಳುಕು ಹೇಳುತ್ತಾನೆಯೇ?

ಇಷ್ಟನ್ನೂ ಆವೇಶದಿಂದ ಹೇಳಿಕೊಳ್ಳುತ್ತ ಗುಡ್ಡ ಹತ್ತಿದೆ. ಜಯಂತಿಯಕ್ಕ ಸೊಂಟದ ಮೇಲೆ ಕೊಡವಿಟ್ಟುಕೊಂಡು ನನ್ನ ಮುಂದೆಯೇ ಏರುತ್ತಿದ್ದರು. ಆಕ್ಷೇಪಣೆ ಸಲ್ಲಿಸುತ್ತೇನೆ, ಈ ಬಾರಿ ಮುನ್ಸೂಚನೆ ಕೊಡದೆ ಆಡಿಟ್ ಮಾಡಿಸುತ್ತೇನೆ ಎಂದೆ.

ಆಕೆ ನಿಂತು ಉಸಿರು ತೆಗೆದುಕೊಂಡರು.

"ಹೇಳದೆ ಬರುವುದು ಬೇಡ ಸರ್, ಹೇಳಿಯೇ ಬರ್ಲಿ. ಆ ಒಂದು ದಿನ ಆದ್ರೂ ನಂಗೆ ನೀರು ಸಿಗ್ತದಲ್ಲ. ಇನ್ನೊಂದು ಆಡಿಟ್ ಯಾವಾಗ?"