ಟಿಕೆಟ್ ಮಾಫಿ

ಒಂದು ಒಗಟು. ಈ ಮಾತು ಕೇಳಿದರೆ ನಮ್ಮೂರಲ್ಲಿ ಜನ ಕುಣಿಯುತ್ತಾರೆ, ದುಬೈಯಲ್ಲಿ ಸುಮ್ಮನೆ ವಾಪಸ್ ಹೋಗುತ್ತಾರೆ. ಏನದು? ಬಿಡಿ, ನಿಮಗೆ ಬರುವುದಿಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಎರಡು ಸಲ ಕೂತ ನನಗೆ ಬರುತ್ತದೆ.

ಬೆನ್ನಿಗೊಂದು ಬ್ಯಾಗ್ ಏರಿಸಿ ನಾನೂ ಗೆಳೆಯ ಸಂತುವೂ ದುಬೈ ಸುತ್ತಿ ಮುಗಿಸಿ ಅಬುಧಾಬಿಗೆ ಹೊರಟಿದ್ದೆವು. ಅಲ್ಲಿ ಅವನ ಅಕ್ಕ ಕೋರಿ ರೊಟ್ಟಿ ಮಾಡಿಟ್ಟಿದ್ದಳು. ಮಧ್ಯಾಹ್ನ ಎರಡು ಗಂಟೆಯೊಳಗೆ ತಲುಪದಿದ್ದರೆ ಅವಳು ಬೀಗ ಹಾಕಿ ಡ್ಯೂಟಿಗೆ ಹೋಗುತ್ತಾಳೆ, ನಾವು ಬಿಸಿಲಲ್ಲಿ ಹಸಿದು ಕೂರಬೇಕು.

ಬಸ್ಸಿನ ಕೌಂಟರಿನವನು ಕೈಯಾಡಿಸಿ, "ಟಿಕೆಟ್ ಮಾಫಿ" ಅಂದ.

ಸಂತು ನನ್ನ ಬೆನ್ನಿಗೆ ಗುದ್ದಿದ. "ಕೇಳಿದೆಯಾ ಮಾರಾಯ, ಟಿಕೆಟ್ ಮಾಫಿಯಂತೆ. ನಮ್ಮಲ್ಲಿ ಸಾಲ ಮಾಫಿ ಆಗಲಿಕ್ಕೆ ಎಲೆಕ್ಷನ್ನೇ ಬರಬೇಕು."

ಇಲ್ಲಿಯ ಅರಬಿಯಲ್ಲಿ ಮಾಫಿ ಅಂದರೆ 'ಇಲ್ಲ' ಎಂದು ನನಗೆ ಗೊತ್ತಿತ್ತು. ಹೇಳಬಹುದಿತ್ತು. ಹೇಳಲಿಲ್ಲ.

ಸಂತು ಹೋಗಿ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತ. ಡ್ರೈವರ್ ಬಂದು, "ಟಿಕೆಟ್?" ಅಂದ.

"ಮಾಫಿ," ಅಂದ ಸಂತು, ಮದುಮಗನ ಗತ್ತಿನಲ್ಲಿ.

"ಟಿಕೆಟ್ ಮಾಫಿ, ಬಸ್ ಮಾಫಿ," ಎಂದು ಡ್ರೈವರ್ ಬಾಗಿಲು ತೋರಿಸಿದ.

ಸಂತು ನನ್ನತ್ತ ತಿರುಗಿದ. "ನೋಡು ಮಾರಾಯ, ಬಸ್ಸೂ ಮಾಫಿಯಂತೆ. ಇದನ್ನು ಊರಿಗೆ ಹೇಗೆ ಒಯ್ಯುವುದು?"

ನಾನು ನಗು ತಡೆಯಲಾರದೆ ಮೆಟ್ಟಿಲಲ್ಲೇ ಕುಸಿದೆ. ಡ್ರೈವರಿಗೆ ವಿಷಯ ಹೇಳಿದೆ. ಅವನೂ ನಕ್ಕು, ಯಾರೋ ಬಾರದೆ ಖಾಲಿ ಉಳಿದ ಎರಡು ಸೀಟು ಕೊಟ್ಟ. ಅಕ್ಕನ ಮನೆ ತಲುಪಿದಾಗ ರೊಟ್ಟಿ ಇನ್ನೂ ಗರಿಗರಿಯಾಗಿತ್ತು.

ಈ ಕೊನೆ ನಾನು ಕಟ್ಟಿದ್ದು. ಬೀಗದ ಮುಂದೆ ಸಂಜೆವರೆಗೆ ಕೂತ ಸಂತು ಇದನ್ನು ಓದುತ್ತಾನೆ, ಬರಹದಲ್ಲಾದರೂ ಅವನ ಹೊಟ್ಟೆ ತುಂಬಲಿ ಅಂತ.